ಅಳತೆಯೂ ತೂಕವೂ

ಕಣದ ರಾಶಿಯನ್ನು ಸೇರು, ಕೊಳಗ, ಖಂಡುಗಗಳಿಂದ ಅಳೆಯುವುದು ಈ ನಾಡಿನ ಪುರಾತನ ಪದ್ಧತಿ. 1956ನೆಯ ಇಸವಿಯ ಕಾಯಿದೆಯನ್ನನುಸರಿಸಿ ಮೆಟ್ರಿಕ್ ಮಾನಗಳು ಬಳಕೆಗೆ ಬಂದು, ಮಾರುಕಟ್ಟೆಯಲ್ಲಿ ಕ್ವಿಂಟಾಲಿನ ತೂಕವೇ ರೂಢಿಯಾಯಿತು. ಆದರೂ ಬೀಜವನ್ನು ಕಡ ಕೊಡುವಾಗಲೂ ಗೊಬ್ಬರವನ್ನು ಎರಚುವಾಗಲೂ ಅಳತೆಯ ಪಾತ್ರೆಯನ್ನೇ ನೆಚ್ಚುವವರು ಅನೇಕರಿದ್ದಾರೆ. ಅಳತೆಯನ್ನೇ ತೂಕವೆಂದು ಎಣಿಸುವುದರಿಂದ ಒದಗುವ ನಷ್ಟವನ್ನು ಗ್ರಾಮದ ಮುಖಂಡರೂ ಭೂಮಾಲಿಕರೂ ಚೆನ್ನಾಗಿ ಮನಗಾಣಬೇಕು.

ಒಂದು ಪದಾರ್ಥವು ಆಕ್ರಮಿಸುವ ಸ್ಥಳವು ಅದರ ಗಾತ್ರ. ಅದರಲ್ಲಿ ಅಡಗಿರುವ ದ್ರವ್ಯದ ಮೊತ್ತವು ದ್ರವ್ಯರಾಶಿ. ಮೊದಲನೆಯದನ್ನು ಕೊಳಗವೂ ಎರಡನೆಯದನ್ನು ತಕ್ಕಡಿಯೂ ತಿಳಿಸುತ್ತವೆ. ಒಂದು ಲೀಟರು ಗಾತ್ರದಲ್ಲಿ ಎಷ್ಟು ದ್ರವ್ಯರಾಶಿಯಿದೆಯೆಂಬುದೇ ಆ ಪದಾರ್ಥದ ಸಾಂದ್ರತೆ. ಒಂದು ಲೀಟರು ನೀರು ಸುಮಾರು 1 ಕಿಲೋಗ್ರಾಂ ತೂಗುತ್ತದೆ. ಕಡಲೆಕಾಯಿ ಎಣ್ಣೆಯು ಸುಮಾರು 910 ಗ್ರಾಂ, ಜೇನುತುಪ್ಪವು ಸುಮಾರು 1 ಕಿಲೋ 400 ಗ್ರಾಂ ತೂಗುತ್ತವೆ. ಕಿಲೋ ದರದಲ್ಲಿ ಎಣ್ಣೆಯನ್ನು ಕೊಂಡು ಲೀಟರಿನಿಂದ ಅಳೆಯಿಸಿಕೊಂಡವನಿಗೆ ಪ್ರತಿ ಲೀಟರಿಗೂ ಸುಮಾರು 90 ಗ್ರಾಂ ಕಡಮೆ ಬಂದಂತಾಯಿತು.

ಧಾನ್ಯದ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವುಂಟು. ಒಂದು ಲೀಟರು ಬತ್ತವು ಸಾಮಾನ್ಯವಾಗಿ 550ರಿಂದ 600 ಗ್ರಾಂ ಮಾತ್ರ ತೂಗುತ್ತದೆ. ನೀರಿಗಿಂತ ಇಷ್ಟು ಹಗುರವಾದ ಬತ್ತವು ನೀರಿನಲ್ಲಿ ಮುಳುಗುವುದೇಕೆ? ಕೊಳಗದಲ್ಲಿರುವುದು ಬರಿಯ ಕಾಳಲ್ಲ. ಕಾಳುಗಳ ನಡುವಣ ಸಂದುಗಳಲ್ಲಿ ಗಾಳಿಯೂ ತುಂಬಿರುತ್ತದೆ. ಗಟ್ಟಿಕಾಳು ತಾನು ನೀರಿಗಿಂತ ಭಾರವಾದುದೇ. ಕೊಳಗವನ್ನು ಕುಲುಕಿ ತುಂಬಿದರೆ ಸಂದುಗಳು ಕಿರಿದಾಗಿ ಹೆಚ್ಚು ಕಾಳು ಹಿಡಿಯುತ್ತದೆ. ಮೆಲ್ಲಗೆ ಸುರಿದರೆ ಕಡಮೆ. ಆದಕಾರಣ ಒಂದೇ ರಾಶಿಯನ್ನು ಒಂದೇ ಕೊಳಗದಿಂದ ಇಬ್ಬರು ಅಳೆದರೂ ಲೆಕ್ಕವು ಹೊಂದದೆ ವ್ಯಾಜ್ಯಕ್ಕೆ ಎಡೆಯಾಗುವುದುಂಟು.

ಗೊಬ್ಬರಕ್ಕೂ ಈ ನಿಯಮವೇ ಅನ್ವಯಿಸುತ್ತದೆ. ಒಂದು ಲೀಟರಿನ ಡಬ್ಬಿಯಲ್ಲಿ ಯೂರಿಯವು ಸುಮಾರು 750 ಗ್ರಾಂ ಹಿಡಿದರೆ, ಪೊಟ್ಯಾಷ್ ಗೊಬ್ಬರವು ಸುಮಾರು 1 ಕಿಲೋಗ್ರಾಂ ಹಿಡಿಯುತ್ತದೆ. ಯೂರಿಯಕ್ಕೆಂದು ಗುರುತು ಮಾಡಿದ ಡಬ್ಬಿಯಿಂದಲೇ ಪೊಟ್ಯಾಷನ್ನು ಅಳೆದರೆ ಮೂರರಲ್ಲಿ ಒಂದು ಪಾಲು ಹೆಚ್ಚಾಗಿ ಬೀಳುವುದು. ಪ್ರತಿಯೊಂದು ಗೊಬ್ಬರವನ್ನೂ ಒಮ್ಮೆ ತೂಗಿ, ಡಬ್ಬಿಗೆ ಬೇರೆ ಬೇರೆ ಗುರುತು ಹಾಕಿಕೊಳ್ಳುವುದು ಲೇಸು.

ಮನೆಯ ಕೊಳಗವನ್ನು ಪರೀಕ್ಷಿಸುವುದು ಸುಲಭ. ನೀರು ಸೋರದ ಪಾತ್ರೆಯನ್ನು ಮೊದಲು ಬರಿದಾಗಿಯೂ ಅನಂತರ ನೀರು ತುಂಬಿಯೂ ತೂಗಬೇಕು. ನೀರಿನ ತೂಕ 4 ಕಿಲೋ ಆದರೆ ಪಾತ್ರೆಯ ಗಾತ್ರ 4 ಲೀಟರು. ಪಾತ್ರೆಯನ್ನು ಒರಸಿ ಒಣಗಿಸಿ, ಬತ್ತವನ್ನು ಕುಲುಕದೆ ಸುರಿದು, ಬಾಯಿಯ ಮಟ್ಟಕ್ಕೆ ಕೋಲಿನಿಂದ ಸವರಿ ತೂಗಬೇಕು. ಬತ್ತವು 2 ಕಿಲೋ 300 ಗ್ರಾಂ ಬಂದರೆ ಲೀಟರಿಗೆ 575 ಗ್ರಾಂ ಆಯಿತು. ಒಂದೇ ತಳಿಯ, ಸಮನಾಗಿ ಒಣಗಿದ ಎರಡು ರಾಶಿಗಳಲ್ಲಿ ಲೀಟರಿಗೆ ಹೆಚ್ಚು ತೂಗುವ ರಾಶಿಯಲ್ಲಿ ಜಳ್ಳು ಕಡಮೆಯೆಂದು ಸಾಮಾನ್ಯವಾಗಿ ಊಹಿಸಬಹುದು.

ಸಾಂದ್ರತೆಯ ತಿಳಿವಳಿಕೆಯಿಂದ ದೊರೆಯುವ ದೊಡ್ಡ ಪ್ರಯೋಜನವೆಂದರೆ ಬಿತ್ತನೆಯ ಬೀಜದ ಆಯ್ಕೆ. ಅರೆ ತುಂಬಿದ ಕಾಳುಗಳಲ್ಲಿ ಕೆಲವು ಬರಿಯ ನೀರಿನಲ್ಲಿ ಮುಳುಗಿ ಗಟ್ಟಿಕಾಳಿನೊಡನೆ ಸೇರಿಬಿಡುತ್ತವೆ. ಉಪ್ಪು ಕರಗಿದ ನೀರಿನ ಸಾಂದ್ರತೆ ಹೆಚ್ಚಾದುದರಿಂದ ಅವು ಅದರಲ್ಲಿ ತೇಲುತ್ತವೆ. 10 ಲೀಟರು ನೀರಿಗೆ ಸುಮಾರು ಒಂದೂವರೆ ಕಿಲೋ ಉಪ್ಪನ್ನು ಕರಗಿಸಿ, ಹೊಸ ಕೋಳಿಮೊಟ್ಟೆಯೊಂದನ್ನು ಬಿಡಬೇಕು. ಅದು ಮೇಲಕ್ಕೆ ಬಂದು ತೇಲಿದರೆ ದ್ರಾವಣವು ಸರಿಯಾಯಿತು. ಮುಳುಗಿದರೆ ಇನ್ನಷ್ಟು ಉಪ್ಪು ಬೇಕು. ಹಳೆಯ ಮೊಟ್ಟೆಯೊಳಗೆ ಗಾಳಿಯು ಹೆಚ್ಚಾಗಿದ್ದು ಬೇಗನೆ ತೇಲುವುದರಿಂದ ಅದು ಈ ಪರೀಕ್ಷೆಗೆ ತಕ್ಕುದಲ್ಲ. ಒಣ ಬೀಜವನ್ನು ಸ್ವಲ್ಪಸ್ವಲ್ಪವಾಗಿ ಹಾಕಿ ಕಲಕಿ, ತೇಲಿದುದನ್ನು ತೆಗೆದುಬಿಡಬೇಕು. ತಳಕ್ಕಿಳಿದ ಬೀಜವನ್ನು ತಡಮಾಡದೆ ಎರಡು ಮೂರು ಸಾರಿ ಒಳ್ಳೆಯ ನೀರಿನಲ್ಲಿ ತೊಳೆದು ಸಸಿಮಡಿಗೆ ಉಪಯೋಗಿಸತಕ್ಕದ್ದು. ಉಪ್ಪುನೀರನ್ನು ಮಡಿಗೆ ಚೆಲ್ಲಕೂಡದು.

ಗಟ್ಟಿಬೀಜದಲ್ಲಿ ಮೊಳಕೆಗೆ ಬೇಕಾದ ಆಹಾರವು ಹೆಚ್ಚಾಗಿರುವುದರಿಂದ ಸಸಿಗಳು ಪುಷ್ಟವಾಗಿಯೂ ಸಮನಾಗಿಯೂ ಏಳುತ್ತವೆ. ಇದಕ್ಕೆ ತಗಲುವ ವೆಚ್ಚ ಒಂದಿಷ್ಟು ಉಪ್ಪು, ಅರ್ಧ ದಿನದ ಶ್ರಮ. ಊರಿನ ಮುಖಂಡರು ಮೊದಲು ತಮ್ಮ ಸಸಿಮಡಿಯಲ್ಲಿ ಇದನ್ನು ಮಾಡಿ ತೋರಿಸಿದರೆ ನೆರೆಹೊರೆಯ ಒಕ್ಕಲುಮಕ್ಕಳು ಕಂಡು ಅನುಸರಿಸುವರು.