ಯುರೋಪಿನ ಬೋಲ್ಟ್ ಆಕ್ಷನ್ ಬೇಟೆ ರೈಫಲ್‌ಗಳು

ಬೋಲ್ಟ್ ಆಕ್ಷನ್ ಎಂಬುದು ಕೈಯಿಂದ ಚಲಾಯಿಸುವ ಉಕ್ಕಿನ ಅಗುಳಿಯೊಂದರ ಮೂಲಕ ತೋಟಾವನ್ನು ನಳಿಗೆಯೊಳಕ್ಕೆ ತುಂಬುವ, ನಳಿಗೆಯ ಹಿಂಬದಿಯನ್ನು ಭದ್ರವಾಗಿ ಮುಚ್ಚುವ ಮತ್ತು ಗುಂಡು ಹಾರಿದ ಬಳಿಕ ಖಾಲಿ ಕೋಶವನ್ನು ಹೊರಕ್ಕೆಸೆಯುವ ರೈಫಲ್ ಯಂತ್ರರಚನೆಯಾಗಿದೆ. ಬಾಗಿಲಿನ ಅಗುಳಿಯಂತೆ ತಿರುಗಿಸಿ ಎಳೆಯುವ ಈ ಭಾಗಕ್ಕೆ ಬೋಲ್ಟ್ ಎಂದು ಹೆಸರು. 19ನೆಯ ಶತಮಾನದ ಕೊನೆಯಲ್ಲಿ ಯುರೋಪಿನ ಸೇನೆಗಳಿಗಾಗಿ ರೂಪುಗೊಂಡ ಈ ರಚನೆಯು ಶೀಘ್ರದಲ್ಲೇ ಬೇಟೆಗಾರರ ಕೈ ಸೇರಿತು. ಜರ್ಮನಿ, ಆಸ್ಟ್ರಿಯ, ಜೆಕೊಸ್ಲೊವಾಕಿಯ, ಫಿನ್‌ಲೆಂಡ್ ಹಾಗೂ ಸ್ಕ್ಯಾಂಡಿನೇವಿಯದ ತಯಾರಕರು ಒಂದೇ ಸಮಸ್ಯೆಗೆ ಬೇರೆಬೇರೆ ಪರಿಹಾರಗಳನ್ನು ಕಂಡುಕೊಂಡರು. ಇವುಗಳಲ್ಲಿ ಯಾವುದು ಉತ್ತಮ ಎಂಬ ಚರ್ಚೆ ರೈಫಲ್ ಆಸಕ್ತರಲ್ಲಿ ಇಂದಿಗೂ ನಡೆಯುತ್ತಿದೆ.

ಕಾರ್ಯವಿಧಾನ

ಬೇಟೆಯ ತೋಟಾ ಸಿಡಿದಾಗ ನಳಿಗೆಯೊಳಗೆ ಸಾಮಾನ್ಯವಾಗಿ 3,500ರಿಂದ 4,300 ಬಾರ್‌ಗಳವರೆಗೆ ಒತ್ತಡ ಉಂಟಾಗುತ್ತದೆ. ಈ ಒತ್ತಡವು ಬೋಲ್ಟನ್ನು ಹಿಂದಕ್ಕೆ, ಅಂದರೆ ಗುರಿಕಾರನ ಮುಖದತ್ತ ತಳ್ಳುತ್ತದೆ. ಬೋಲ್ಟಿನ ಮೇಲಿರುವ ಲಗ್ ಎಂಬ ಉಬ್ಬುಗಳು ರಿಸೀವರ್ ಎಂಬ ಉಕ್ಕಿನ ಚೌಕಟ್ಟಿನೊಳಗಿನ ಕುಳಿಗಳಲ್ಲಿ ಸಿಕ್ಕಿಕೊಂಡು ಈ ಬಲವನ್ನು ತಡೆಯುತ್ತವೆ. ಲಗ್‌ಗಳು ಎರಡಿದ್ದರೆ ಹಿಡಿಕೆಯನ್ನು ಸುಮಾರು 90 ಡಿಗ್ರಿ ಎತ್ತಬೇಕಾಗುತ್ತದೆ. ಮೂರಿದ್ದರೆ 60ರಿಂದ 70 ಡಿಗ್ರಿ ಸಾಕು. ಆದರೆ ಫೈರಿಂಗ್ ಪಿನ್ನಿನ ಸ್ಪ್ರಿಂಗನ್ನು ಬಿಗಿಯುವ ಕೆಲಸವೂ ಇದೇ ತಿರುವಿನಲ್ಲಿ ನಡೆಯುವುದರಿಂದ, ತಿರುವು ಕಿರಿದಾದಷ್ಟೂ ಹಿಡಿಕೆಯನ್ನು ಎತ್ತಲು ಹೆಚ್ಚು ಬಲ ಬೇಕಾಗುತ್ತದೆ.

ತೋಟಾವನ್ನು ತುಂಬುವ ಬಗೆಯಲ್ಲಿಯೂ ಎರಡು ಪಂಥಗಳಿವೆ. ನಿಯಂತ್ರಿತ ತುಂಬುವಿಕೆಯಲ್ಲಿ ತೋಟಾವು ಮ್ಯಾಗಜೀನಿನಿಂದ ಮೇಲೇರುವಾಗಲೇ ಅದರ ಅಂಚು ಎಕ್ಸ್‌ಟ್ರಾಕ್ಟರ್ ಎಂಬ ಕೊಕ್ಕೆಯ ಹಿಡಿತಕ್ಕೆ ಬರುತ್ತದೆ. ತಳ್ಳು ತುಂಬುವಿಕೆಯಲ್ಲಿ ಬೋಲ್ಟು ತೋಟಾವನ್ನು ಮುಂದಕ್ಕೆ ತಳ್ಳುತ್ತದೆಯಷ್ಟೆ. ಬೋಲ್ಟು ಪೂರ್ಣವಾಗಿ ಮುಚ್ಚುವ ಹೊತ್ತಿಗೆ ಮಾತ್ರ ಕೊಕ್ಕೆಯು ಅಂಚನ್ನು ಕಚ್ಚಿಕೊಳ್ಳುತ್ತದೆ.

ಮೌಸರ್ 98

ಜರ್ಮನಿಯ ಓಬರ್ನ್‌ಡೋರ್ಫ್ ಪಟ್ಟಣದ ಪೌಲ್ ಮೌಸರ್ (1838–1914) ರೂಪಿಸಿದ, 1898ರಲ್ಲಿ ಜರ್ಮನ್ ಸೇನೆ ಅಂಗೀಕರಿಸಿದ ರಚನೆಯೇ ಮೌಸರ್ 98. ಬೋಲ್ಟಿನ ಮುಂತುದಿಯಲ್ಲಿ ಎದುರುಬದುರಾದ ಎರಡು ದೊಡ್ಡ ಲಗ್‌ಗಳು, ಅವು ಮುರಿದರೂ ಬೋಲ್ಟು ಹಿಂದಕ್ಕೆ ಹಾರದಂತೆ ತಡೆಯಲು ಹಿಂಬದಿಯಲ್ಲಿ ಮೂರನೆಯ ಸುರಕ್ಷಾ ಲಗ್, ಬೋಲ್ಟಿನ ಪಕ್ಕಕ್ಕೆ ಉದ್ದವಾಗಿ ಚಾಚಿಕೊಂಡಿರುವ ಆದರೆ ಬೋಲ್ಟಿನೊಂದಿಗೆ ತಿರುಗದ ಪಂಜದಾಕಾರದ ಎಕ್ಸ್‌ಟ್ರಾಕ್ಟರ್, ತೋಟಾಗಳನ್ನು ಎರಡು ಸಾಲಿನಲ್ಲಿ ಹಿಡಿದಿಡುವ ಪೆಟ್ಟಿಗೆ ಮ್ಯಾಗಜೀನ್, ಮೂರು ಸ್ಥಾನಗಳ ಸುರಕ್ಷಾ ಕೀಲಿ ಇವು ಇದರ ಮುಖ್ಯ ಲಕ್ಷಣಗಳು. ಮೌಸರನ ಹಿಂದಿನ ಹಲವು ಮಾದರಿಗಳಲ್ಲಿ ಬೋಲ್ಟು ಮುಚ್ಚುವಾಗ ಸ್ಪ್ರಿಂಗ್ ಬಿಗಿಯುತ್ತಿತ್ತು. 98ರಲ್ಲಿ ಅದು ತೆರೆಯುವಾಗಲೇ ಬಿಗಿಯುತ್ತದೆ.

ಈ ರಚನೆಯಲ್ಲಿ ಅಪಘಾತವನ್ನು ಮುಂಗಂಡು ಮಾಡಿದ ಏರ್ಪಾಡುಗಳಿವೆ. ತೋಟಾದ ಹಿತ್ತಾಳೆಯ ಕೋಶ ಬಿರಿದರೆ ಹಿಂದಕ್ಕೆ ನುಗ್ಗುವ ಬಿಸಿ ಅನಿಲವು ಬೋಲ್ಟಿನ ರಂಧ್ರಗಳ ಮೂಲಕ ರಿಸೀವರಿನ ಎಡಗಾಲುವೆಗೆ ಹರಿಯುತ್ತದೆ. ಬೋಲ್ಟಿನ ಹಿಂತುದಿಯಲ್ಲಿರುವ ಅಗಲವಾದ ಅಂಚು ಉಳಿದ ಅನಿಲವನ್ನು ಗುರಿಕಾರನ ಕಣ್ಣಿನಿಂದ ಬೇರೆಡೆಗೆ ತಿರುಗಿಸುತ್ತದೆ.

ಬೇಟೆ ರೈಫಲ್‌ಗಳ ತೋಟಾಗಳೂ ಈ ರಚನೆಯ ಅಳತೆಗೆ ಹೊಂದಿಕೊಂಡು ಬೆಳೆದವು. ಬರ್ಲಿನ್ನಿನ ಕೋವಿ ತಯಾರಕ ಓಟ್ಟೊ ಬಾಕ್ 1905ರಲ್ಲಿ ರೂಪಿಸಿದ 9.3×62 ತೋಟಾ ಸಾಮಾನ್ಯ ಅಳತೆಯ ಮೌಸರಿನಲ್ಲಿಯೇ ಹಿಡಿಯುತ್ತಿದ್ದುದರಿಂದ ಆಫ್ರಿಕದಲ್ಲಿ ನೆಲೆಸಿದ್ದ ಕೃಷಿಕರಿಗೆ ಕಡಿಮೆ ಬೆಲೆಯಲ್ಲಿ ಬಲವಾದ ರೈಫಲ್ ದೊರೆಯಿತು. ಇನ್ನೂ ಉದ್ದದ ತೋಟಾಗಳಿಗಾಗಿ ಮೌಸರ್ ಕಾರ್ಖಾನೆಯು ಮ್ಯಾಗ್ನಮ್ ಅಳತೆಯ ಆಕ್ಷನ್‌ಗಳನ್ನು ತಯಾರಿಸಿತು. ಲಂಡನ್ನಿನ ಜಾನ್ ರಿಗ್ಬಿ ಸಂಸ್ಥೆ 1911ರಲ್ಲಿ ಹೊರತಂದ .416 ರಿಗ್ಬಿ ತೋಟಾ ಇಂಥ ಆಕ್ಷನ್ನಿಗೆಂದೇ ರೂಪುಗೊಂಡದ್ದು. ಎರಡನೆಯ ಮಹಾಯುದ್ಧದ ನಂತರ ಬೆಲ್ಜಿಯಮ್ಮಿನ ಎಫ್‌ಎನ್ ಕಾರ್ಖಾನೆಯು ತಯಾರಿಸಿದ ಮೌಸರ್ ಮಾದರಿಯ ಆಕ್ಷನ್‌ಗಳನ್ನು ಅನೇಕ ದೇಶಗಳ ತಯಾರಕರು ತಮ್ಮ ಬೇಟೆ ರೈಫಲ್‌ಗಳಿಗೆ ಬಳಸಿದರು.

ಮಾನ್‌ಲಿಷರ್–ಶೋನಾವರ್

ಆಸ್ಟ್ರಿಯದ ಸ್ಟೈರ್ ಪಟ್ಟಣದ ಕಾರ್ಖಾನೆಯಲ್ಲಿ ಫರ್ಡಿನಾಂಡ್ ಮಾನ್‌ಲಿಷರ್ ಮತ್ತು ಓಟ್ಟೊ ಶೋನಾವರ್ ರೂಪಿಸಿದ ಈ ರೈಫಲಿನ ಹೆಚ್ಚುಗಾರಿಕೆ ಅದರ ಸುತ್ತುವ ಮ್ಯಾಗಜೀನಿನಲ್ಲಿದೆ. ಸ್ಪ್ರಿಂಗಿನಿಂದ ತಿರುಗುವ ಉರುಳೆಯ ತೋಡುಗಳಲ್ಲಿ ಐದು ತೋಟಾಗಳು ಒಂದಕ್ಕೊಂದು ತಾಗದೆ ಕುಳಿತಿರುತ್ತವೆ. ಆದ್ದರಿಂದ ತೋಟಾವು ಅಡೆತಡೆಯಿಲ್ಲದೆ ಬಹಳ ನಯವಾಗಿ ನಳಿಗೆಯನ್ನು ಸೇರುತ್ತದೆ. ಬೆಣ್ಣೆ ಸವರುವ ಚಾಕುವಿನಂತೆ ಚಪ್ಪಟೆಯಾದ ಬೋಲ್ಟ್ ಹಿಡಿಕೆ ಹಾಗೂ ನಳಿಗೆಯ ತುದಿಯವರೆಗೆ ಚಾಚಿದ ಮರದ ಹಿಡಿ ಇವು 1903ರ ಮಾದರಿಯ ಗುರುತುಗಳಾದವು.

ಇದರ 6.5×54 ತೋಟಾ ಚಿಕ್ಕದಾದರೂ ಉದ್ದನೆಯ, ಭಾರವಾದ ಗುಂಡನ್ನು ಹಾರಿಸುತ್ತಿದ್ದುದರಿಂದ ಆಳಕ್ಕೆ ಹೊಗುತ್ತಿತ್ತು. ಸ್ಕಾಟ್ಲೆಂಡಿನ ಆನೆ ಬೇಟೆಗಾರ ಡಬ್ಲ್ಯು. ಡಿ. ಎಂ. ಬೆಲ್ ಆಫ್ರಿಕದಲ್ಲಿ ಇದನ್ನೂ 7×57 ಮೌಸರನ್ನೂ ಬಳಸಿದ್ದು ಪ್ರಸಿದ್ಧವಾಗಿದೆ. ಅರ್ನೆಸ್ಟ್ ಹೆಮಿಂಗ್ವೇ 1936ರಲ್ಲಿ ಪ್ರಕಟಿಸಿದ ಫ್ರಾನ್ಸಿಸ್ ಮಕಾಂಬರನ ಕಥೆಯ ಅಂತ್ಯದಲ್ಲಿ ಸಿಡಿಯುವ ರೈಫಲ್ ಕೂಡ 6.5 ಮಾನ್‌ಲಿಷರ್.

ಈ ರಚನೆಗೆ ಎರಡು ಮಿತಿಗಳಿವೆ. ಉರುಳೆಯ ತೋಡುಗಳನ್ನು ಆಯಾ ತೋಟಾದ ಆಕಾರಕ್ಕೆ ತಕ್ಕಂತೆ ಕಡೆಯಬೇಕಾದ್ದರಿಂದ ತಯಾರಿಕೆ ದುಬಾರಿ. ರೈಫಲನ್ನು ಬೇರೊಂದು ತೋಟಾಕ್ಕೆ ಬದಲಿಸುವುದೂ ಕಷ್ಟ. ಎರಡನೆಯದಾಗಿ, ಬೋಲ್ಟ್ ಹಿಡಿಕೆಯು ರಿಸೀವರಿನ ಹಿಂಸೇತುವೆಯನ್ನು ಸೀಳಿಕೊಂಡು ಸಾಗುವುದರಿಂದ ಅಲ್ಲಿ ದೂರದರ್ಶಕವನ್ನು ಕೂರಿಸುವುದು ಸುಲಭವಲ್ಲ. ದೂರದರ್ಶಕಗಳು ಸಾಮಾನ್ಯವಾದಂತೆ ಇದು ದೊಡ್ಡ ಕೊರತೆಯಾಗಿ ಪರಿಣಮಿಸಿತು. 1970ರ ದಶಕದ ಆರಂಭದಲ್ಲಿ ಇದರ ಉತ್ಪಾದನೆ ನಿಂತಿತು.

ಕ್ರಾಗ್–ಯೋರ್ಗೆನ್‌ಸನ್

ನಾರ್ವೆಯ ಓಲೆ ಕ್ರಾಗ್ ಮತ್ತು ಎರಿಕ್ ಯೋರ್ಗೆನ್‌ಸನ್ ರೂಪಿಸಿದ ಈ ರೈಫಲನ್ನು ಡೆನ್ಮಾರ್ಕ್ 1889ರಲ್ಲಿ, ಅಮೆರಿಕ 1892ರಲ್ಲಿ, ನಾರ್ವೆ 1894ರಲ್ಲಿ ಅಂಗೀಕರಿಸಿದವು. ಬಲಬದಿಯ ಚಿಕ್ಕ ಬಾಗಿಲನ್ನು ತೆರೆದು ತೋಟಾಗಳನ್ನು ಬಿಡಿಬಿಡಿಯಾಗಿ ಹಾಕುವ ವ್ಯವಸ್ಥೆ ಇದರದು. ಬೋಲ್ಟಿನ ಚಲನೆಯ ನಯಕ್ಕೆ ಇದು ಇಂದಿಗೂ ಮಾದರಿಯೆನಿಸಿದೆ. ಮುಂಬದಿಯಲ್ಲಿ ಒಂದೇ ಲಗ್ ಇರುವುದರಿಂದ ಹೆಚ್ಚಿನ ಒತ್ತಡದ ತೋಟಾಗಳಿಗೆ ಮೌಸರಿನಷ್ಟು ಸೂಕ್ತವಲ್ಲ.

ಬ್ರನೋ ಮತ್ತು ಸಿಜ಼ೆಡ್

ಜೆಕೊಸ್ಲೊವಾಕಿಯದ ತಯಾರಕರು ಮೌಸರಿನ ತತ್ತ್ವವನ್ನು ಉಳಿಸಿಕೊಂಡು ಬೇಟೆಗೆ ಒಗ್ಗಿಸಿದರು. ಕೊಉಟ್ಸ್ಕಿ ಸಹೋದರರು ರೂಪಿಸಿದ ಜ಼ೆಡ್‌ಕೆಕೆ ಸರಣಿಯು 600, 601, 602 ಎಂಬ ಮೂರು ಅಳತೆಗಳಲ್ಲಿ ಬಂದಿತು. ಇವುಗಳಲ್ಲಿ ಉದ್ದನೆಯದಾದ 602 ಆಕ್ಷನ್ .375 ಎಚ್ ಅಂಡ್ ಎಚ್ ಮತ್ತು .458 ವಿಂಚೆಸ್ಟರ್ ಮ್ಯಾಗ್ನಮ್ಮಿನಂಥ ದೊಡ್ಡ ತೋಟಾಗಳನ್ನು ಹಿಡಿಸುತ್ತಿತ್ತು. ದುಬಾರಿ ಮ್ಯಾಗ್ನಮ್ ಮೌಸರನ್ನು ಕೊಳ್ಳಲಾರದ ಆಫ್ರಿಕದ ವೃತ್ತಿನಿರತ ಬೇಟೆಗಾರರಲ್ಲಿ ಅನೇಕರು ಇದನ್ನೇ ಆರಿಸಿಕೊಂಡರು. ಹೊರಮೈಯ ನಯಗೆಲಸ ಕಡಿಮೆಯಿದ್ದರೂ ಬಳಸಿದಂತೆಲ್ಲ ಬೋಲ್ಟು ಮೆದುವಾಗುತ್ತದೆ ಎಂಬುದು ಇದರ ಅಭಿಮಾನಿಗಳ ಅಭಿಪ್ರಾಯ. ಸಿಜ಼ೆಡ್ 550 ಇದರ ಉತ್ತರಾಧಿಕಾರಿ.

ಸಾಕೊ ಮತ್ತು ಟಿಕ್ಕಾ

ಫಿನ್‌ಲೆಂಡಿನ ರೀಹಿಮ್ಯಾಕಿ ಪಟ್ಟಣದ ಸಾಕೊ ಸಂಸ್ಥೆಯು ತೋಟಾದ ಉದ್ದಕ್ಕೆ ತಕ್ಕ ಅಳತೆಯ ಆಕ್ಷನ್ ಎಂಬ ನೀತಿಗೆ ಹೆಸರಾಯಿತು. ಎಲ್461 ಸಣ್ಣ ತೋಟಾಗಳಿಗೆ, ಎಲ್579 ಮಧ್ಯಮ ತೋಟಾಗಳಿಗೆ, ಎಲ್61ಆರ್ ಉದ್ದನೆಯ ತೋಟಾಗಳಿಗೆ ಮೀಸಲಾಗಿದ್ದವು. ಇದರಿಂದ ಅನಗತ್ಯ ತೂಕ ಮತ್ತು ಬೋಲ್ಟಿನ ಅನಗತ್ಯ ಓಟ ತಪ್ಪುತ್ತದೆ. ರಿಸೀವರಿನ ಮೇಲೆಯೇ ಕಡೆದ, ಹಿಂದಿನಿಂದ ಮುಂದಕ್ಕೆ ಅಗಲ ಬದಲಾಗುವ ಹಳಿಗಳು ದೂರದರ್ಶಕವನ್ನು ಹಿಮ್ಮೆಟ್ಟಿನ ಹೊಡೆತಕ್ಕೆ ಜಾರದಂತೆ ಹಿಡಿಯುತ್ತವೆ. ನಂತರದ ಸಾಕೊ 75 ಮಾದರಿಯಲ್ಲಿ ಮೂರು ಲಗ್‌ಗಳೂ 70 ಡಿಗ್ರಿಯ ತಿರುವೂ ಬಂದವು.

1983ರಲ್ಲಿ ಸಾಕೊದೊಂದಿಗೆ ವಿಲೀನಗೊಂಡ ಟಿಕ್ಕಾದ ಟಿ3 ಮಾದರಿ ಈ ನೀತಿಗೆ ವಿರುದ್ಧವಾದದ್ದು. ಎಲ್ಲ ತೋಟಾಗಳಿಗೂ ಒಂದೇ ಉದ್ದದ ರಿಸೀವರ್, ಪ್ಲಾಸ್ಟಿಕ್ಕಿನ ಮ್ಯಾಗಜೀನ್ ಮತ್ತು ಸರಳ ರಚನೆಯಿಂದ ಬೆಲೆ ತಗ್ಗಿತು. ಗುರಿಯ ನಿಖರತೆ ಮಾತ್ರ ಕುಗ್ಗಲಿಲ್ಲ.

ನೇರ ಎಳೆತದ ರೈಫಲ್‌ಗಳು

ಹಿಡಿಕೆಯನ್ನು ಎತ್ತದೆ ನೇರವಾಗಿ ಹಿಂದಕ್ಕೆಳೆಯುವ ರಚನೆ ಹೊಸದೇನಲ್ಲ. ಸ್ವಿಟ್ಜರ್ಲೆಂಡಿನ 1889ರ ಮತ್ತು ಆಸ್ಟ್ರಿಯದ 1895ರ ಸೇನಾ ರೈಫಲ್‌ಗಳಲ್ಲಿ ಅದು ಇತ್ತು. ಬೇಟೆಯಲ್ಲಿ ಇದಕ್ಕೆ ವ್ಯಾಪಕ ಸ್ಥಾನ ದೊರಕಿಸಿದ್ದು ಜರ್ಮನಿಯ ಬ್ಲೇಸರ್ ಸಂಸ್ಥೆಯ ಆರ್93 ಮತ್ತು ಆರ್8 ಮಾದರಿಗಳು. ಇವುಗಳಲ್ಲಿ ಲಗ್‌ಗಳ ಬದಲಿಗೆ ಬೋಲ್ಟಿನ ತಲೆಯ ಸುತ್ತಲಿನ ಉಕ್ಕಿನ ಎಸಳುಗಳು ಹೂವಿನಂತೆ ಅರಳಿ ನಳಿಗೆಯೊಳಗಿನ ತೋಡಿನಲ್ಲಿ ಕಚ್ಚಿಕೊಳ್ಳುತ್ತವೆ. ಬೀಗವು ನೇರವಾಗಿ ನಳಿಗೆಗೇ ಬೀಳುವುದರಿಂದ ನಳಿಗೆಯನ್ನು ಸುಲಭವಾಗಿ ಬದಲಿಸಬಹುದು. ಸ್ಪ್ರಿಂಗನ್ನು ಹೆಬ್ಬೆರಳಿನಿಂದ ಪ್ರತ್ಯೇಕವಾಗಿ ಬಿಗಿಯಬೇಕಾದ್ದರಿಂದ, ಹಾಗೆ ಬಿಗಿಯುವವರೆಗೆ ನಳಿಗೆಯಲ್ಲಿ ತೋಟಾ ಇದ್ದರೂ ಫೈರಿಂಗ್ ಪಿನ್ನಿನ ಹಿಂದೆ ಬಲವಿರುವುದಿಲ್ಲ. ಕಾಡುಹಂದಿಗಳನ್ನು ಅಟ್ಟಿಸಿ ಬೇಟೆಯಾಡುವ ಮಧ್ಯ ಯುರೋಪಿನ ಪದ್ಧತಿಯಲ್ಲಿ ಎರಡನೆಯ ಗುಂಡನ್ನು ಬೇಗನೆ ಹಾರಿಸಬೇಕಾಗುತ್ತದೆ. ಅಲ್ಲಿ ಈ ರಚನೆ ಜನಪ್ರಿಯವಾಗಿದೆ.

ಹೋಲಿಕೆ

ನಿಯಂತ್ರಿತ ತುಂಬುವಿಕೆಯ ಪರವಾದ ಮುಖ್ಯ ವಾದವು ಅಪಾಯದ ಕ್ಷಣಕ್ಕೆ ಸಂಬಂಧಿಸಿದ್ದು. ಮೇಲೆರಗುವ ಪ್ರಾಣಿಯೆದುರು ಗಾಬರಿಗೊಂಡ ಗುರಿಕಾರನು ಬೋಲ್ಟನ್ನು ಅರ್ಧ ಮುಚ್ಚಿ ಮತ್ತೆ ಹಿಂದಕ್ಕೆಳೆಯಬಹುದು. ಮೌಸರಿನಲ್ಲಿ ಕೊಕ್ಕೆ ಹಿಡಿದಿರುವ ತೋಟಾ ಹೊರಬೀಳುತ್ತದೆ. ತಳ್ಳು ತುಂಬುವಿಕೆಯಲ್ಲಿ ಮೊದಲ ತೋಟಾ ನಳಿಗೆಯಲ್ಲೇ ಉಳಿದು, ಅದರ ಹಿಂದೆ ಎರಡನೆಯದು ಬಂದು ಸಿಕ್ಕಿಕೊಳ್ಳುತ್ತದೆ. ಆಗ ರೈಫಲ್ ನಿರುಪಯುಕ್ತವಾಗುತ್ತದೆ. ಈ ಕಾರಣದಿಂದಲೇ ಆನೆ, ಕಾಡೆಮ್ಮೆ ಮುಂತಾದ ಪ್ರಾಣಿಗಳ ಬೇಟೆಯಲ್ಲಿ ಮೌಸರ್ ವಂಶದ ಆಕ್ಷನ್‌ಗಳಿಗೆ ಆದ್ಯತೆಯಿದೆ. ಇದರ ಕೊರತೆಯೆಂದರೆ, ಮೂಲ ರಚನೆಯಲ್ಲಿ ತೋಟಾವನ್ನು ಮ್ಯಾಗಜೀನಿನ ಮೂಲಕವೇ ತುಂಬಬೇಕು. ನೇರವಾಗಿ ನಳಿಗೆಗೆ ಹಾಕಿ ಬೋಲ್ಟು ಮುಚ್ಚಲು ಹೋದರೆ ಕೊಕ್ಕೆಯು ಅಂಚಿನ ಮೇಲೆ ಸುಲಭವಾಗಿ ಹತ್ತುವುದಿಲ್ಲ.

ಜಿಂಕೆ ಅಥವಾ ಕಡವೆಯನ್ನು ದೂರದಿಂದ ಗುರಿಯಿಡುವವರಿಗೆ ಈ ವಾದ ಅಷ್ಟು ಮುಖ್ಯವಲ್ಲ. ಅವರು ಸಾಕೊ ಅಥವಾ ಟಿಕ್ಕಾದ ನಿಖರತೆಯನ್ನೂ ಕಡಿಮೆ ತೂಕವನ್ನೂ ಮೆಚ್ಚುತ್ತಾರೆ. ಹೀಗೆ ಆಯ್ಕೆಯು ಬೇಟೆಯ ಪ್ರಾಣಿ, ದೂರ ಮತ್ತು ಪದ್ಧತಿಗಳನ್ನು ಅವಲಂಬಿಸಿದೆ. ಕುತೂಹಲದ ಸಂಗತಿಯೆಂದರೆ, ಆಸಕ್ತರು ಅತಿ ಹೆಚ್ಚು ಹೊಗಳುವ ನಯವಾದ ಚಲನೆ ಕ್ರಾಗ್ ಮತ್ತು ಮಾನ್‌ಲಿಷರ್–ಶೋನಾವರ್‌ಗಳದ್ದು. ಆದರೆ ಅತಿ ಹೆಚ್ಚು ಅನುಕರಣೆಗೊಳಗಾದದ್ದು ಮೌಸರ್.

ಭಾರತದೊಂದಿಗಿನ ಸಂಬಂಧ

1907ರಲ್ಲಿ ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದ ಜಿಮ್ ಕಾರ್ಬೆಟ್‌ಗೆ ಸಂಯುಕ್ತ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಜಾನ್ ಹೆವೆಟ್ ಕಾಣಿಕೆಯಾಗಿ ನೀಡಿದ .275 ರಿಗ್ಬಿ ರೈಫಲ್ ಮೌಸರ್ ಆಕ್ಷನ್ನಿನದು. ಅದರ ತೋಟಾ 7×57 ಮೌಸರಿನ ಬ್ರಿಟಿಷ್ ಹೆಸರಷ್ಟೆ. 1926ರಲ್ಲಿ ರುದ್ರಪ್ರಯಾಗದ ನರಭಕ್ಷಕ ಚಿರತೆಯನ್ನು ಕಾರ್ಬೆಟ್ ಕೊಂದದ್ದೂ .275 ರೈಫಲಿನಿಂದ. ಪೂರ್ಣಚಂದ್ರ ತೇಜಸ್ವಿಯವರ ಅನುವಾದದ ಮೂಲಕ ಈ ಪ್ರಸಂಗ ಕನ್ನಡ ಓದುಗರಿಗೆ ಪರಿಚಿತವಾಗಿದೆ.

ಸೇನೆಯ .303 ತೋಟಾವನ್ನು ನಾಗರಿಕರು ಬಳಸುವುದಕ್ಕೆ ನಿರ್ಬಂಧವಿದ್ದ ಕಾರಣ, ಬಂಗಾಳದ ಇಶಾಪುರದ ಸರ್ಕಾರಿ ಕಾರ್ಖಾನೆಯು ಲೀ–ಎನ್‌ಫೀಲ್ಡ್ ಮಾದರಿಯ ಆಕ್ಷನ್ನಿನಲ್ಲಿ .315 ತೋಟಾದ ರೈಫಲನ್ನು ತಯಾರಿಸಿತು. ಈ ಆಕ್ಷನ್ನಿನ ಲಗ್‌ಗಳು ಬೋಲ್ಟಿನ ಹಿಂಬದಿಯಲ್ಲಿವೆ. ಅದರಿಂದ ಚಲನೆ ವೇಗವಾಗುತ್ತದೆಯಾದರೂ ಒತ್ತಡಕ್ಕೆ ಬೋಲ್ಟು ಮತ್ತು ರಿಸೀವರ್ ಅಲ್ಪವಾಗಿ ಬಾಗುತ್ತವೆ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಬೇಟೆ ನಿಷಿದ್ಧವಾಗಿದೆ. ಆದ್ದರಿಂದ ಈ ರೈಫಲ್‌ಗಳು ಇಲ್ಲಿ ಪರವಾನಗಿ ಪಡೆದ ಕುಟುಂಬಗಳ ಹಳೆಯ ಆಸ್ತಿಯಾಗಿ, ವಸ್ತುಸಂಗ್ರಹಾಲಯಗಳಲ್ಲಿ ಮತ್ತು ಶಿಕಾರಿ ಸಾಹಿತ್ಯದ ಪುಟಗಳಲ್ಲಿ ಉಳಿದುಕೊಂಡಿವೆ.