ಗಂಟಲಿನ ಕಲ್ಲು, ಶ್ವಾಸಕೋಶದ ಭಯ

ಕೆಮ್ಮಿದಾಗ ಅಕ್ಕಿನುಚ್ಚಿನಂಥ ಬಿಳಿ ಕಾಳೊಂದು ಬಾಯಿಗೆ ಬಂದರೆ ಶ್ವಾಸಕೋಶವೇ ಕೆಟ್ಟಿತೆಂದು ಹೆದರುವವರುಂಟು. ಸಾಮಾನ್ಯವಾಗಿ ಅದು ಟಾನ್ಸಿಲ್ ಕಲ್ಲು.

ಕಿರುನಾಲಗೆಯ ಎಡಬಲಗಳಲ್ಲಿರುವ ಟಾನ್ಸಿಲ್‌ಗಳಲ್ಲಿ ಸಣ್ಣ ಕುಳಿಗಳಿವೆ. ಅಲ್ಲಿ ಆಹಾರದ ಚೂರು, ಸತ್ತ ಜೀವಕೋಶ, ಬ್ಯಾಕ್ಟೀರಿಯಾಗಳು ಸೇರಿ, ಕ್ಯಾಲ್ಸಿಯಂ ಲವಣ ಕೂಡಿಕೊಂಡು ಗಟ್ಟಿಯಾಗುತ್ತವೆ. ಬ್ಯಾಕ್ಟೀರಿಯಾಗಳು ಬಿಡುವ ಗಂಧಕಯುಕ್ತ ಅನಿಲಗಳೇ ಬಾಯಿಯ ದುರ್ವಾಸನೆಗೆ ಕಾರಣ.

ಈ ಕಲ್ಲು ಶ್ವಾಸಕೋಶಕ್ಕೆ ಇಳಿಯದೆ? ನುಂಗುವಾಗ ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳುತ್ತದೆ. ತಪ್ಪಿ ಒಳಹೊಕ್ಕದ್ದನ್ನು ಕೆಮ್ಮು ಹೊರತಳ್ಳುತ್ತದೆ. ಹಾಗಾಗಿ ಅದು ತೀರ ಅಪರೂಪ.

ಶ್ವಾಸಕೋಶದ ಕಡೆಯಿಂದಲೂ ಕಲ್ಲು ಬರುವುದುಂಟು, ಅದೂ ವಿರಳವೇ. ಹಳೆಯ ಕ್ಷಯದಿಂದ ಸುಣ್ಣಗಟ್ಟಿದ ದುಗ್ಧಗ್ರಂಥಿ ಶ್ವಾಸನಾಳದ ಗೋಡೆ ಕೊರೆದು ಒಳಬಂದು, ಕೆಮ್ಮಿನೊಡನೆ ಹೊರಬೀಳಬಹುದು. ಆಗ ರಕ್ತವೂ ಕಾಣಿಸಬಹುದು.

ಟಾನ್ಸಿಲ್ ಕಲ್ಲಿಗೆ ಸಾಮಾನ್ಯವಾಗಿ ಉಪ್ಪುನೀರಿನಿಂದ ಗಂಟಲು ಮುಕ್ಕಳಿಸಿದರೆ ಸಾಕು. ಪಿನ್ನು, ಕಡ್ಡಿಗಳಿಂದ ಕೆದಕಬಾರದು. ಆದರೆ 2 ವಾರ ಮೀರಿದ ಕೆಮ್ಮು, ಬಿಡದ ಜ್ವರ, ತೂಕ ಇಳಿಕೆ, ಕಫದಲ್ಲಿ ರಕ್ತ – ಇವುಗಳಲ್ಲಿ ಒಂದಿದ್ದರೂ ‘ಗಂಟಲ ಕಲ್ಲು ತಾನೆ’ ಎಂದು ಸುಮ್ಮನಿರದೆ ವೈದ್ಯರನ್ನು ಕಾಣಬೇಕು. ಕ್ಷಯದ ಕಫ ಪರೀಕ್ಷೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ.