ಕಜ್ಜಿ ಬಂದರೆ ಮುಚ್ಚಿಡಬೇಡಿ

"ಮೇಡಂ, ನಮ್ಮ ಮಗೂನ ಆ ಹುಡುಗನ ಪಕ್ಕ ಕೂರಿಸಬೇಡಿ." ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಶಾಲೆ ಯಾವ ಊರಿನದಾದರೂ ಒಬ್ಬರಿಗೆ ಕಜ್ಜಿ ಕಂಡರೆ ತಾಯಂದಿರಿಗೆ ಈ ಹೆದರಿಕೆ ಸಹಜ.

ಕಜ್ಜಿಗೆ ಕಾರಣ ಅರ್ಧ ಮಿಲಿಮೀಟರಿಗಿಂತ ಚಿಕ್ಕದಾದ ನುಸಿ. ಅದು ಚರ್ಮದಲ್ಲಿ ಬಿಲ ಕೊರೆದು ಮೊಟ್ಟೆಯಿಡುತ್ತದೆ. ಬೆರಳ ಸಂದು, ಮಣಿಕಟ್ಟು, ಸೊಂಟದಲ್ಲಿ ತುರಿಕೆ. ರಾತ್ರಿ ಇನ್ನೂ ಹೆಚ್ಚು. ಮೊದಲ ಸಲ ಅಂಟಿದವರಿಗೆ ತುರಿಕೆ ಶುರುವಾಗಲು 4ರಿಂದ 6 ವಾರ ಬೇಕು. ಅಷ್ಟರಲ್ಲಿ ಜೊತೆಗೆ ಮಲಗುವ ತಮ್ಮನಿಗೂ, ತೊಡೆಯ ಮೇಲೆ ಕೂರಿಸಿ ಕತೆ ಹೇಳುವ ತಾತನಿಗೂ ದಾಟಿರಬಹುದು.

ಹಾಗಾಗಿ ಡಾಕ್ಟರು ಕೊಟ್ಟ ಮುಲಾಮನ್ನು ಮನೆಮಂದಿಯೆಲ್ಲ ಒಂದೇ ದಿನ ಹಚ್ಚಿಕೊಳ್ಳಬೇಕು, ತುರಿಕೆ ಇಲ್ಲದವರೂ ಕೂಡ. ಒಬ್ಬರನ್ನು ಬಿಟ್ಟರೂ ಲೆಕ್ಕ ತಾಳೆಯಾಗದು! ಬಟ್ಟೆ, ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹರವಿ. ನೀರಿಗೆ ಬರವಿದ್ದರೆ, ಒಗೆಯಲಾಗದ್ದನ್ನು ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಇಡಿ. ಮೈ ಬಿಟ್ಟ ನುಸಿ 2-3 ದಿನಗಳಲ್ಲಿ ಸಾಯುತ್ತದೆ. ಔಷಧಿ ಹಚ್ಚಿದ ಮಾರನೆಯ ದಿನದಿಂದ ಮಗು ಸಾಮಾನ್ಯವಾಗಿ ಶಾಲೆಗೆ ಹೋಗಬಹುದು.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ನಾಚದೆ ತೋರಿಸಿ. ಚರ್ಮದ ಕಾಯಿಲೆಯೂ ಅವರ ತಪಾಸಣೆಯ ಪಟ್ಟಿಯಲ್ಲಿದೆ.

ಮಕ್ಕಳೇ, ಕಜ್ಜಿ ಬಂದ ಗೆಳೆಯನನ್ನು ಹಂಗಿಸಬೇಡಿ. ಹಂಗಿಸಿದರೆ ಅವನು ಮುಚ್ಚಿಡುತ್ತಾನೆ. ಮುಚ್ಚಿಟ್ಟರೆ ಅದು ಎಲ್ಲರಿಗೂ ಹರಡುತ್ತದೆ.